ನೋವಿಗೆ ಅಂಕ ಕೊಡುವುದು: ಮೊಬೈಲ್ ಹಿಡಿದು ಮನೆಮನೆಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಅಜ್ಜಿ ಸ್ಕ್ರೀನನ್ನು ಮೂರು ಸಲ ಒತ್ತಿದರು. ಮೂರು ಸಲವೂ ಫೋನ್ ಜಪ್ಪಯ್ಯ ಅನ್ನಲಿಲ್ಲ. ನಲವತ್ತು ವರ್ಷ ಅಡಿಕೆ ಸುಲಿದು ಒಣತೊಗಟೆಯ ಹಾಗಾದ ಬೆರಳು, ಟಚ್‌ಸ್ಕ್ರೀನಿಗೆ ಅದು ಬೆರಳೆಂದೇ ಗೊತ್ತಾಗಲಿಲ್ಲ. ಸಹಾಯ ಮಾಡೋಣ ಎಂದು ಸೊನ್ನೆಯಿಂದ ಹತ್ತರವರೆಗಿನ ನೋವಿನ ಸ್ಲೈಡರನ್ನು ನಾನೇ ಎಳೆಯುತ್ತಾ ಹೋದೆ. ಐದಕ್ಕೆ ಬಂದಾಗ "ಹೂಂ, ಅಲ್ಲೇ ಸಾಕು ಮಗಳೇ" ಎಂದರು. ಐದು ಎಂದು ಸೇವ್ ಮಾಡಿದೆ. ಸ್ಕೂಟರ್ ಹತ್ತಿ ಅರ್ಧ ದಾರಿ ಬಂದ ಮೇಲೆ ಹೊಳೆಯಿತು: ಅಜ್ಜಿ ಹೇಳಿದ್ದು ನೋವಿನ ಲೆಕ್ಕವನ್ನಲ್ಲ, "ನೀನು ಇನ್ನು ಕಷ್ಟಪಡಬೇಡ" ಎಂದು. ಎರಡು ದಿನ ಕಳೆದು ಮತ್ತೆ ಹೋಗಿ ಕೇಳಿದಾಗ ಸಿಕ್ಕ ಉತ್ತರ ಎಂಟು.

ನಾನು ಕಾಸರಗೋಡಿನ ಉತ್ತರದ ಕಡೆ, ಮಂಜೇಶ್ವರ ತಾಲೂಕಿನ ಹಳ್ಳಿಗಳಲ್ಲಿ ಪಾಲಿಯೇಟಿವ್ ಹೋಮ್ ಕೇರ್, ಎಂದರೆ ಗಂಭೀರ ಕಾಯಿಲೆಯವರ ನೋವು ಇಳಿಸುವ ಮನೆ ಆರೈಕೆ ಮಾಡುವ ನರ್ಸ್. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ನೀತಿ ತಂದ ಮೇಲೆ ಪಂಚಾಯತುಗಳ ಮೂಲಕ ನಡೆಯುವ ಮನೆಭೇಟಿ ನಮ್ಮಲ್ಲಿ ಎಲ್ಲರಿಗೂ ಪರಿಚಯ. ನೋವಿನ ಅಂಕ ಬರೆಯುವುದು ಆ ಕೆಲಸದ ಒಂದು ಸಣ್ಣ ಭಾಗ. ಆದರೆ ನಮ್ಮ ಊರಿನಲ್ಲಿ ಅದೇ ಎಲ್ಲಕ್ಕಿಂತ ಬೇಗ ಹಾಳಾಗುವ ಭಾಗ. ರೋಗಿ ತುಳುವಿನಲ್ಲಿ ನರಳುತ್ತಾರೆ, ಮಗಳು ಕನ್ನಡದಲ್ಲಿ ಹೇಳುತ್ತಾಳೆ, ಆಶಾ ಕಾರ್ಯಕರ್ತೆ ಮಲಯಾಳದಲ್ಲಿ ಬರೆದುಕೊಳ್ಳುತ್ತಾರೆ, ಮಂಗಳೂರಿನಿಂದ ಬಂದ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ ಉಂಟು. ಇಷ್ಟು ಕೈ ದಾಟುವಷ್ಟರಲ್ಲಿ ನೋವು ಅರ್ಧ ಸೋರಿಹೋಗಿರುತ್ತದೆ. ಫೋನನ್ನು ನಾನು ಬಳಸುವುದು ಈ ಸೋರಿಕೆ ತಡೆಯಲಿಕ್ಕೆ. ನೋವು ಅಳೆಯುವ ಯಂತ್ರ ಅದಲ್ಲ. ಅಂಥ ಯಂತ್ರ ಯಾರ ಹತ್ತಿರವೂ ಇಲ್ಲ.

ಮೊದಲು ಒಂದು ಮಾತು: ಏನನ್ನು ಅಳೆಯುತ್ತೇವೆ

ಬಿಪಿ ಯಂತ್ರ ತೋಳಿಗೆ ಸುತ್ತಿದರೆ ರೋಗಿ ಬಾಯಿ ಬಿಡದಿದ್ದರೂ ಸಂಖ್ಯೆ ಬರುತ್ತದೆ. ನೋವಿಗೆ ಹಾಗಿಲ್ಲ. ನಾಡಿ ಜೋರಾಗಿದ್ದರೆ ನೋವಿರಬಹುದು, ಹೆದರಿಕೆಯೂ ಇರಬಹುದು, ಜ್ವರವೂ ಇರಬಹುದು. ತಿಂಗಳುಗಟ್ಟಲೆ ನೋವು ತಿಂದವರ ನಾಡಿ, ಬಿಪಿ ಎಲ್ಲ ಸರಿಯಾಗಿಯೇ ಇರಬಹುದು, ಮುಖವೂ ಶಾಂತವಾಗಿರಬಹುದು. ಆದ್ದರಿಂದ ಸ್ಮಾರ್ಟ್ ವಾಚ್ ನೋಡಿ "ನೋವಿಲ್ಲ" ಎಂದು ಬರೆಯಬೇಡಿ.

ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ 1979ರಲ್ಲಿ ಕೊಟ್ಟ ವ್ಯಾಖ್ಯೆಯನ್ನು 2020ರಲ್ಲಿ ತಿದ್ದಿತು. ಅದರ ಜೊತೆಗಿನ ಟಿಪ್ಪಣಿಯಲ್ಲಿ ಎರಡು ಮಾತುಂಟು, ಇವೆರಡೇ ನಮ್ಮ ಕೆಲಸಕ್ಕೆ ಸಾಕು: ತನಗೆ ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಕು, ಹೇಳಲು ಬಾರದವರಿಗೆ ನೋವೇ ಇಲ್ಲ ಎಂದುಕೊಳ್ಳಬಾರದು.

ಒಂದನೇ ಹೆಜ್ಜೆ: ಯಾರಿಗೆ ಯಾವ ಅಳತೆ

ಆ್ಯಪ್ ಹುಡುಕುವ ಮೊದಲು ಇದನ್ನು ತೀರ್ಮಾನಿಸಿ. ಮಾತಾಡಬಲ್ಲ ದೊಡ್ಡವರಿಗೆ ಸೊನ್ನೆಯಿಂದ ಹತ್ತರವರೆಗಿನ ಅಂಕಿ ಸಾಕು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ಇದಕ್ಕಿಂತ ಹೆಚ್ಚು ನೋವನ್ನು ಊಹಿಸಲೂ ಆಗದು. ಸಾಮಾನ್ಯವಾಗಿ 1ರಿಂದ 3 ಸೌಮ್ಯ, 4ರಿಂದ 6 ಮಧ್ಯಮ, 7 ಮತ್ತು ಅದರ ಮೇಲೆ ತೀವ್ರ ಎಂದು ಲೆಕ್ಕ.

ಸುಮಾರು ನಾಲ್ಕು ವರ್ಷ ದಾಟಿದ ಮಕ್ಕಳಿಗೆ ಮುಖಗಳ ಚಿತ್ರ. ಇದರಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. 1980ರ ದಶಕದಲ್ಲಿ ಬಂದ ವಾಂಗ್-ಬೇಕರ್ ಮುಖಗಳು ನಗುವಿನಿಂದ ಶುರುವಾಗಿ ಕಣ್ಣೀರಿನಲ್ಲಿ ಮುಗಿಯುತ್ತವೆ. 2001ರ ಪರಿಷ್ಕೃತ ಮುಖಮಾಪಕದಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ, ಆರು ಮುಖ, 0, 2, 4, 6, 8, 10 ಎಂದು ಅಂಕ. ನನಗೆ ಎರಡನೆಯದೇ ಇಷ್ಟ. ಕಣ್ಣೀರಿನ ಮುಖ ತೋರಿಸಿದರೆ ನಮ್ಮ ಗಂಡುಮಕ್ಕಳು "ನಾನು ಅಳ್ಲಿಲ್ಲ" ಎಂದು ಒಂದು ಮುಖ ಹಿಂದೆ ಸರಿಯುತ್ತಾರೆ. ನಗುಮುಖವನ್ನೂ ಎಲ್ಲ ಮಕ್ಕಳು ಸರಿಯಾಗಿ ಓದುವುದಿಲ್ಲ. ನೋವಿಲ್ಲದಿದ್ದರೂ ಆಸ್ಪತ್ರೆಯ ಬೇಸರಕ್ಕೆ ಅಳುಮುಖ ತೋರಿಸುವವರುಂಟು. ವಾಂಗ್-ಬೇಕರ್ ಚಿತ್ರಗಳಿಗೆ ಹಕ್ಕುದಾರರಿದ್ದಾರೆ, ಅನುಮತಿ ಕೇಳಬೇಕು. ಗೂಗಲ್‌ನಿಂದ ಸುಮ್ಮನೆ ಇಳಿಸಿ ಫಾರ್ಮಿಗೆ ಹಾಕಬೇಡಿ.

ಮಾತು ಬಾರದ ಮಕ್ಕಳಿಗೆ ನೋಡಿ ಅಂಕ ಕೊಡುವ ಫ್ಲಾಕ್ ಮಾಪಕ. ಮರೆವಿನ ಕಾಯಿಲೆಯ ವೃದ್ಧರಿಗೆ 2003ರಲ್ಲಿ ಪ್ರಕಟವಾದ ಪೇನ್‌ಆ್ಯಡ್. ಇವೆರಡರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಗೆ ಅದು ಬೇಕು.

ಒಬ್ಬ ರೋಗಿಗೆ ಒಂದು ಮಾಪಕ ಹಿಡಿದರೆ ಕೊನೆಯವರೆಗೂ ಅದೇ ಇರಲಿ. ಇವತ್ತು ಮುಖ, ನಾಳೆ ಅಂಕಿ ಎಂದು ಬದಲಿಸಿದರೆ ಗ್ರಾಫಿಗೆ ಅರ್ಥವೇ ಇಲ್ಲ.

ಎರಡನೇ ಹೆಜ್ಜೆ: ಯಾವ ಸಾಧನ

ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಮನೆಯಲ್ಲಿ ಒಬ್ಬರೇ ರೋಗಿ ಇದ್ದು ನೀವು ಮಗನೋ ಸೊಸೆಯೋ ಆಗಿದ್ದರೆ ಗೂಗಲ್ ಶೀಟ್ಸ್ ಸಾಕು. ತಂಡವಾಗಿ ಹತ್ತಾರು ಮನೆಗೆ ಹೋಗುವವರಿಗೆ ನಾನು ಹೇಳುವುದು ಕೋಬೋ ಟೂಲ್‌ಬಾಕ್ಸ್, ಫಾರ್ಮ್ ಕಟ್ಟಿ ಮಾಹಿತಿ ಕೂಡಿಸುವ ಸಾಧನ. ಕಾರಣ ಎರಡೇ. ನೆಟ್‌ವರ್ಕ್ ಇಲ್ಲದೆಯೂ ಅದರ ಆಂಡ್ರಾಯ್ಡ್ ಆ್ಯಪ್‌ನಲ್ಲಿ ಫಾರ್ಮ್ ತುಂಬಬಹುದು, ಪೇಟೆಗೆ ಬಂದ ಮೇಲೆ ಕಳಿಸಬಹುದು; ಗುಡ್ಡದ ಆಚೆ ಬದಿಯ ತೋಟದ ಮನೆಗಳಿಗೆ ಹೋದವರಿಗೆ ಇದರ ಬೆಲೆ ಗೊತ್ತು. ಇನ್ನೊಂದು, ಒಂದೇ ಫಾರ್ಮಿನಲ್ಲಿ ಹಲವು ಭಾಷೆ ಇಡಬಹುದು. ಗೂಗಲ್ ಫಾರ್ಮ್ಸ್ ಮಾಡಲು ಸುಲಭ, ಆದರೆ ಅದಕ್ಕೆ ಇಂಟರ್ನೆಟ್ ಬೇಕೇ ಬೇಕು.

ಫೋನಿನ ಕ್ಯಾಮೆರಾದಿಂದ ಮುಖ ನೋಡಿ ನೋವು ಹೇಳುವ ಆ್ಯಪ್‌ಗಳೂ ಬಂದಿವೆ. ಆಸ್ಟ್ರೇಲಿಯಾದ ಪೇನ್‌ಚೆಕ್ ಹೆಸರುವಾಸಿ, ಮಾತಾಡಲಾಗದ ವೃದ್ಧರಿಗಾಗಿ ಮಾಡಿದ್ದು. ಆದರೆ ಅಲ್ಲಿಯೂ ಕ್ಯಾಮೆರಾ ನೋಡುವುದು ಮುಖವನ್ನು ಮಾತ್ರ. ದನಿ, ಚಲನೆ, ವರ್ತನೆ, ದಿನಚರಿ ಇತ್ಯಾದಿಗಳನ್ನು ಆರೈಕೆ ಮಾಡುವವರೇ ಗಮನಿಸಿ ತುಂಬಬೇಕು. ನಾನು ಬಳಸಿಲ್ಲ. ಮಣ್ಣಿನ ಗೋಡೆ, ಕಿರು ಕಿಟಕಿ, ನಲವತ್ತು ವಾಟಿನ ಬಲ್ಬು ಇರುವ ಕೋಣೆಯಲ್ಲಿ ಹಲ್ಲಿಲ್ಲದ ಬಾಯಿಯ ಸುಕ್ಕು ಯಾವುದು, ನೋವಿನ ಸುಕ್ಕು ಯಾವುದು ಎಂದು ಹೇಳಲು ನನಗೇ ಹತ್ತು ನಿಮಿಷ ಬೇಕಾಗುತ್ತದೆ.

ಮೂರನೇ ಹೆಜ್ಜೆ: ಫಾರ್ಮ್ ಕಟ್ಟುವುದು

ಕೋಬೋದಲ್ಲಿ ಖಾತೆ ತೆರೆದು ಹೊಸ ಪ್ರಾಜೆಕ್ಟ್ ಶುರುಮಾಡಿ, ಮೌಸಿನಲ್ಲೇ ಪ್ರಶ್ನೆ ಸೇರಿಸುತ್ತಾ ಹೋಗಬಹುದು. ಎಕ್ಸೆಲ್ ಬಲ್ಲವರು ಎಕ್ಸೆಲ್ ಹಾಳೆಯಲ್ಲೇ ಬರೆದು ಅಪ್‌ಲೋಡ್ ಮಾಡಿ: ಒಂದು ಹಾಳೆಯಲ್ಲಿ ಪ್ರಶ್ನೆಗಳು, ಇನ್ನೊಂದರಲ್ಲಿ ಆಯ್ಕೆಗಳು, ಭಾಷೆಗೊಂದು ಕಾಲಂ. ಕನ್ನಡದ ಪಕ್ಕದ ಕಾಲಂನಲ್ಲಿ ಮಲಯಾಳ. ನಾನು ಕನ್ನಡದಲ್ಲಿ ಓದಿ ಗುರುತು ಹಾಕಿದ್ದನ್ನು ವೈದ್ಯರು ಮಲಯಾಳದಲ್ಲಿ ನೋಡುತ್ತಾರೆ. ನಡುವೆ ಅನುವಾದಿಸುವವರು ಬೇಡ.

ಆ ಎರಡು ಕಾಲಂ ತುಂಬುವುದೇ ನಿಜವಾದ ಕೆಲಸ. ಮಲಯಾಳದಲ್ಲಿ "ವೇದನ" ಎಂದರೆ ದಿನಬಳಕೆಯ ನೋವು, ತಲೆ ಕುಟ್ಟಿದರೂ ವೇದನ. ಕನ್ನಡದ ಕಾಲಂಗೆ ಅದನ್ನೇ "ವೇದನೆ" ಎಂದು ಇಳಿಸಿದಿರೋ, ನಮ್ಮ ಅಜ್ಜಂದಿರಿಗೆ ಅದು ಪುಸ್ತಕದ ಮಾತು, ಮನಸ್ಸಿನ ಸಂಕಟ. "ವೇದನೆ ಎಂತದ್ದು? ಮಕ್ಕಳೆಲ್ಲ ಚೆನ್ನಾಗಿ ಉಂಟಲ್ಲ" ಎಂಬ ಉತ್ತರ ನನಗೆ ಸಿಕ್ಕಿದೆ. ಕನ್ನಡಕ್ಕೆ "ನೋವು" ಬರೆಯಿರಿ. ತುಳುವರಿಗೂ ಹವ್ಯಕರಿಗೂ ಬಾಯಲ್ಲಿ ಕೇಳುವಾಗ "ಬೇನೆ". ಮನೆಯಲ್ಲಿ "ಬೇನೆ ಆವ್ತಾ?" ಎಂದು ಕೇಳಿದರೆ ಬರುವ ಉತ್ತರ "ನೋವು ಇದೆಯೇ?" ಎಂದರೆ ಬರುವುದಿಲ್ಲ. ಆದ್ದರಿಂದ ಪ್ರತಿ ಪ್ರಶ್ನೆಗೂ ಒಂದು ಧ್ವನಿ ತುಣುಕು ಜೋಡಿಸಿ. ಕೋಬೋದಲ್ಲಿ ಪ್ರಶ್ನೆಗೆ ಆಡಿಯೋ ಸೇರಿಸಲು ಬರುತ್ತದೆ. ತುಳು ಬಲ್ಲವರೊಬ್ಬರು, ಬ್ಯಾರಿ ಭಾಷೆ ಬಲ್ಲವರೊಬ್ಬರು ಐದೈದು ವಾಕ್ಯ ಓದಿಕೊಟ್ಟರೆ ಆಯಿತು. ಓದು ಬಾರದವರಿಗೂ, ಬೇರೆ ಬೇರೆ ನರ್ಸ್ ಹೋದಾಗಲೂ ಪ್ರಶ್ನೆ ಒಂದೇ ಮಾತಿನಲ್ಲಿ ಕೇಳಿಬರುತ್ತದೆ.

ಪ್ರಶ್ನೆಗಳು ಹೆಚ್ಚು ಬೇಡ. ನನ್ನ ಫಾರ್ಮಿನಲ್ಲಿ ಇರುವುದು ಇಷ್ಟು.

ಉತ್ತರಿಸಿದವರು ಯಾರು: ರೋಗಿಯೇ, ಮನೆಯವರೇ, ನೋಡಿ ನಾನೇ ಬರೆದದ್ದೇ? ಈ ಪ್ರಶ್ನೆ ಮೊದಲು ನನ್ನ ಫಾರ್ಮಿನಲ್ಲಿ ಇರಲಿಲ್ಲ. ಒಂದು ಮನೆಯಲ್ಲಿ ಮೂರು ವಾರ "4" ಎಂದು ಬರೆದೆ. ಉತ್ತರಿಸುತ್ತಿದ್ದವನು ಮಗ. ನಾಲ್ಕನೇ ವಾರ ಅವನು ಮದುವೆಗೆ ಹೋಗಿದ್ದ, ತಂದೆ ತಾವೇ "ಒಂಬತ್ತು" ಎಂದರು. ಮಗ ಸುಳ್ಳುಗಾರನಲ್ಲ, ಅಪ್ಪ ಅವನೆದುರು ನರಳುತ್ತಿರಲಿಲ್ಲ, ಅಷ್ಟೇ. ಮನೆಯವರು ಕಡಿಮೆ ಹೇಳಬಹುದು, ಹೆಚ್ಚೂ ಹೇಳಬಹುದು.

ಈಗ ಎಷ್ಟು, ಕಳೆದ ಒಂದು ದಿನದಲ್ಲಿ ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು. ಕ್ಯಾನ್ಸರ್ ನೋವಿಗೆ ಬಳಸುವ ದೊಡ್ಡ ಪ್ರಶ್ನಾವಳಿಗಳಲ್ಲೂ ಹೀಗೆ ಬಿಡಿಸಿ ಕೇಳುವ ಪದ್ಧತಿ ಉಂಟು. "ಈಗ" ಒಂದನ್ನೇ ಕೇಳಿದರೆ ಮೋಸ ಹೋಗುತ್ತೀರಿ. ನೀವು ಹೋಗುವುದು ಹಗಲು ಹನ್ನೊಂದಕ್ಕೆ, ಮಾತ್ರೆ ತಿಂದು ಒಂದು ಗಂಟೆ ಆದ ಮೇಲೆ. ನೋವು ಬರುವುದು ರಾತ್ರಿ ಎರಡಕ್ಕೆ.

ಕೂತಾಗ ಎಷ್ಟು, ಎದ್ದು ನಡೆದಾಗ ಎಷ್ಟು. ಮೂಳೆಗೆ ಹರಡಿದ ಕ್ಯಾನ್ಸರಿನಲ್ಲಿ ಮಲಗಿದಾಗ ಎರಡು ಇದ್ದದ್ದು ಮಗ್ಗುಲು ಬದಲಿಸುವಾಗ ಒಂಬತ್ತು ಆಗುತ್ತದೆ.

ಎಲ್ಲಿ: ಇದಕ್ಕೆ ಎರಡು ಪ್ರಶ್ನೆ ಇಡಿ. ಒಂದರಲ್ಲಿ ದೇಹದ ಭಾಗಗಳ ಪಟ್ಟಿ, ಹಲವು ಆಯ್ಕೆಗೆ ಅವಕಾಶ ಇರಲಿ. ಇನ್ನೊಂದರಲ್ಲಿ ಮನುಷ್ಯನ ಮುಂಬದಿ, ಹಿಂಬದಿಯ ರೇಖಾಚಿತ್ರದ ಮೇಲೆ ಬೆರಳಲ್ಲೇ ಗುರುತು ಹಾಕುವುದು. ಫೋಟೊ ಪ್ರಶ್ನೆಯಲ್ಲಿ ಚಿತ್ರದ ಮೇಲೆ ಗೀಚುವ ಆಯ್ಕೆ ಉಂಟು. ಪಟ್ಟಿಯಲ್ಲಿ "ಕಾಲು" ಎಂದು ಒಂದೇ ಪದ ಬರೆಯಬೇಡಿ. ನಮ್ಮಲ್ಲಿ ಸೊಂಟದ ಕೆಳಗೆ ಹೆಬ್ಬೆರಳಿನವರೆಗೂ ಕಾಲೇ. ತೊಡೆ, ಮೊಣಕಾಲು, ಮೀನಖಂಡ, ಪಾದ ಎಂದು ಬಿಡಿಸಿ.

ಎಂಥ ನೋವು: ಈ ಪಟ್ಟಿ ಮಾಡಲು ನನಗೆ ಆರು ತಿಂಗಳು ಬೇಕಾಯಿತು, ಇನ್ನೂ ಮುಗಿದಿಲ್ಲ. ಕಡಿತ, ಸೆಳೆತ, ಹಿಂಡಿದ ಹಾಗೆ, ಛಳುಕು, ಸಿಡಿತ ಒಂದು ಬದಿಗೆ. ಉರಿ, ಜೋಮು, ಸೂಜಿ ಚುಚ್ಚಿದ ಹಾಗೆ, ಕರೆಂಟು ಹೊಡೆದ ಹಾಗೆ, ಇರುವೆ ಹರಿದ ಹಾಗೆ, ಬಟ್ಟೆ ತಾಗಿದರೂ ಆಗುವುದಿಲ್ಲ, ಇವು ಇನ್ನೊಂದು ಬದಿಗೆ. ಈ ಎರಡನೇ ಗುಂಪು ನರದ ನೋವಿನ ಸುಳಿವು, ಅದಕ್ಕೆ ಕೊಡುವ ಮದ್ದು ಬೇರೆ. ಮಲಯಾಳದ ಕಾಲಂನಲ್ಲಿ ಉರಿಗೆ ಪುಗಚ್ಚಿಲ್, ಜೋಮಿಗೆ ತರಿಪ್ಪ್, ಕಡಿತಕ್ಕೆ ಕಡಚ್ಚಿಲ್ ಎಂದು ಹಾಕಿದ್ದೇನೆ. ಹಿಂದೆ "ಕಾಲು ಜೋಮು" ಎಂದು ನಾನು ಹೇಳಿದ್ದು ವೈದ್ಯರ ಕೇಸ್ ಶೀಟಿನಲ್ಲಿ ಬರೇ "ಕಾಲುನೋವು" ಆಗಿ ಕೂತಿತ್ತು. ನರದ ನೋವಿನ ಸಂಶಯ ಬಲವಾದರೆ ಡಿಎನ್4 ಎಂಬ ಹತ್ತು ಅಂಶಗಳ ಪಟ್ಟಿ ಉಂಟು, ಏಳು ಕೇಳುವಂಥದ್ದು, ಮೂರು ಮುಟ್ಟಿ ನೋಡುವಂಥದ್ದು. ನಾಲ್ಕು ಅಥವಾ ಹೆಚ್ಚು ಬಂದರೆ ನರದ ನೋವಿರುವ ಸಾಧ್ಯತೆ ಹೆಚ್ಚು.

ಕೊನೆಗೆ ಮದ್ದು: ಕೊನೆಯ ಡೋಸ್ ಎಷ್ಟು ಗಂಟೆಗೆ, ನಡುವೆ ಹೆಚ್ಚುವರಿ ಎಷ್ಟು ಸಲ ಬೇಕಾಯಿತು, ನಿದ್ದೆ ಬಂತೇ, ಮಲವಿಸರ್ಜನೆ ಆಗಿ ಎಷ್ಟು ದಿನ ಆಯಿತು. ಕೊನೆಯದನ್ನು ಓದಿ ನಗಬೇಡಿ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ತಿನ್ನುವವರಿಗೆ ಮಲಬದ್ಧತೆ ಬಾರದೆ ಇರುವುದೇ ಅಪರೂಪ. ಅದರ ಹೊಟ್ಟೆನೋವನ್ನು ರೋಗದ ನೋವೆಂದು ಬರೆದು ಮಾರ್ಫಿನ್ ಇನ್ನೂ ಏರಿಸಿದರೆ ತೊಂದರೆ ಇಮ್ಮಡಿ. ನನ್ನ ಫಾರ್ಮಿನಲ್ಲಿ ಮೂರು ದಿನ ದಾಟಿದರೆ ಕೆಂಪು ಅಕ್ಷರದ ಸೂಚನೆ ಬರುತ್ತದೆ.

ಸ್ಲೈಡರ್ ಬಗ್ಗೆ ಒಂದು ಮಾತು. ಅಜ್ಜಿಯ ಆ ಐದರ ನಂತರ ನಾನು ಸ್ಲೈಡರ್ ತೆಗೆದುಬಿಟ್ಟೆ. ಸ್ಲೈಡರಿನ ಗುಂಡು ಮೊದಲು ಎಲ್ಲಿ ನಿಂತಿರುತ್ತದೋ ಅದರ ಹತ್ತಿರವೇ ಉತ್ತರ ಬೀಳುತ್ತದೆ. ಈಗ ಹನ್ನೊಂದು ದೊಡ್ಡ ಬಟನ್, ಮೇಲಿನಿಂದ ಕೆಳಗೆ, ಯಾವುದೂ ಮೊದಲೇ ಒತ್ತಿರುವುದಿಲ್ಲ. ರೋಗಿ ಬಾಯಲ್ಲಿ ಹೇಳುತ್ತಾರೆ ಅಥವಾ ಬೆರಳು ತೋರಿಸುತ್ತಾರೆ, ಒತ್ತುವುದು ನಾನು, ಒತ್ತಿದ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತೇನೆ.

ನಾಲ್ಕನೇ ಹೆಜ್ಜೆ: ಮನೆಯೊಳಗೆ ಕೇಳುವ ಬಗೆ

ಹೋದ ತಕ್ಷಣ ಫೋನ್ ತೆಗೆಯಬೇಡಿ. ಕೈ ತೊಳೆದು, ನೀರು ಕುಡಿದು, ಹಾಸಿಗೆಯ ಎತ್ತರಕ್ಕೆ ಕೂತು ಮಾತಾಡಿ. ಫೋನ್ ಹೊರಬಂದರೆ ಮನೆಯವರಿಗೆ ಸರಕಾರದ ಯಾವುದೋ ಸರ್ವೆ ಎನಿಸುತ್ತದೆ. "ಹೇಂಗಿದ್ದು ಅಜ್ಜಿ?" ಎಂದರೆ "ತೊಂದರೆ ಇಲ್ಲೆ" ಎಂದೇ ಬರುತ್ತದೆ. ಅದು ಉತ್ತರವಲ್ಲ, ಬಂದವರಿಗೆ ಮಾಡುವ ಉಪಚಾರ. ಎರಡನೇ ಪ್ರಶ್ನೆಯನ್ನು ಕೆಲಸದ ಮೇಲೆ ಕೇಳಿ: "ನಿನ್ನೆ ರಾತ್ರಿ ಎಷ್ಟು ಸಲ ಎದ್ದಿರಿ?" "ಬಚ್ಚಲಿಗೆ ಒಬ್ಬರೇ ಹೋದಿರಾ?" ಅಲ್ಲಿಂದ ಅಂಕಿಗೆ ಬನ್ನಿ.

ಹತ್ತರ ಲೆಕ್ಕ ಕೆಲವರಿಗೆ ಹಿಡಿಯುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಹತ್ತಕ್ಕೆ ಹತ್ತು ಎಂದರೆ ಒಳ್ಳೆಯ ಮಾರ್ಕು. ಒಬ್ಬ ಹುಡುಗ ನೋವು ಕಡಿಮೆಯಾಯಿತೆಂದು ಖುಷಿಯಲ್ಲಿ "ಒಂಬತ್ತು" ಎಂದಿದ್ದ. ಎಪ್ಪತ್ತು ದಾಟಿದವರಿಗೆ ನಾನು ಆಣೆಯಲ್ಲಿ ಕೇಳುತ್ತೇನೆ. "ಹದಿನಾರಾಣೆ ಬೇನೆ ಅಂದ್ರೆ ತಡೆಯಲಿಕ್ಕೇ ಆಗದ್ದು. ಈಗ ಎಷ್ಟಾಣೆ?" "ಹನ್ನೆರಡಾಣೆ ಉಂಟು" ಎಂದು ಥಟ್ಟನೆ ಹೇಳುತ್ತಾರೆ. ಹಾಗಿದ್ದರೆ ಹನ್ನೆರಡಾಣೆ ಎಂದೇ ಬರೆಯಿರಿ. ಹದಿನಾರರಿಂದ ಭಾಗಿಸಿ ಹತ್ತರಿಂದ ಗುಣಿಸಿ ಏಳೂವರೆ ಎಂದು ಫಾರ್ಮೇ ಲೆಕ್ಕ ಹಾಕಲಿ, ಆದರೆ ಮೂಲ ಉತ್ತರ ಅಳಿಸಬೇಡಿ. ಮುಂದಿನ ಸಲವೂ ಆಣೆಯಲ್ಲೇ ಕೇಳಿ. ಇದು ನಮ್ಮ ಹಳ್ಳಿ ಉಪಾಯ, ಪರೀಕ್ಷಿಸಿ ಒಪ್ಪಿದ ಮಾಪಕವಲ್ಲ. ಆ ರೋಗಿಯ ನಿನ್ನೆಗೂ ಇವತ್ತಿಗೂ ಹೋಲಿಸಲಿಕ್ಕೆ ಮಾತ್ರ ಸಾಕು.

ಹತ್ತು ಎಂದರೆ ಹೆರಿಗೆ ನೋವಿನಷ್ಟು ಎಂದು ಹೇಳಿಕೊಡುವವರಿದ್ದಾರೆ. ಬೇಡ. ಆರು ಹೆತ್ತ ಅಜ್ಜಿಗೆ ಹೆರಿಗೆ ಮುಗಿದುಹೋದ ನೋವು, ಕೊನೆಯಲ್ಲಿ ಮಗು ಸಿಕ್ಕ ನೋವು. ಅದರ ಎದುರು ಈಗಿನದ್ದನ್ನು ಇಟ್ಟು ತೂಗಲು ಹೇಳುವುದು ಸರಿಯಲ್ಲ. ಗಂಡಸರಿಗೆ ಆ ಲೆಕ್ಕವೇ ಇಲ್ಲ.

ಎರಡು ಎಂದು ಹೇಳಿದವರ ಹುಬ್ಬು ಗಂಟಿಕ್ಕಿದ್ದರೆ ಎರಡನ್ನು ಏಳು ಮಾಡುವ ಅಧಿಕಾರ ನಿಮಗಿಲ್ಲ. ಎರಡು ಎಂದೇ ಬರೆದು, ಕೆಳಗಿನ ಟಿಪ್ಪಣಿಯಲ್ಲಿ ಕಂಡದ್ದನ್ನು ಬರೆಯಿರಿ. ಮಾರ್ಫಿನ್ ಎಂದರೆ ಕೊನೆಗಾಲದ ಮದ್ದು ಎಂಬ ಹೆದರಿಕೆಯಿಂದ ಕಡಿಮೆ ಹೇಳುವವರು ಬಹಳ. ಆ ಹೆದರಿಕೆಯನ್ನು ಮಾತಾಡಿ ಕರಗಿಸಬೇಕು, ಅಂಕ ತಿದ್ದಿ ಅಲ್ಲ.

ಐದನೇ ಹೆಜ್ಜೆ: ಹೇಳಲು ಬಾರದವರು

ಎಣ್ಮಕಜೆ, ಬೆಳ್ಳೂರು ಕಡೆಯ ಕಥೆ ಕನ್ನಡದ ಓದುಗರಿಗೆ ಗೊತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ಮಾತು ಬಾರದೆ, ಕೈಕಾಲು ಸೆಟೆದು ಮಲಗಿಯೇ ಬೆಳೆದವರು ಈ ಜಿಲ್ಲೆಯಲ್ಲಿ ಇದ್ದಾರೆ. ಅವರ ನೋವಿಗೆ ಅಂಕ ಕೊಡುವವರು ಅಮ್ಮಂದಿರೇ.

ಫ್ಲಾಕ್ 1997ರ ಮಾಪಕ. ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನಕ್ಕೆ ಬಗ್ಗುವಿಕೆ, ಈ ಐದಕ್ಕೂ 0, 1 ಅಥವಾ 2, ಒಟ್ಟು ಹತ್ತು. ಮೂಲದಲ್ಲಿ ಎರಡು ತಿಂಗಳಿಂದ ಏಳು ವರ್ಷದ ಮಕ್ಕಳಿಗೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿಗಾಗಿ ಪರಿಷ್ಕೃತ ರೂಪ ಉಂಟು, ನಾವು ಹಿಡಿಯಬೇಕಾದದ್ದು ಅದನ್ನೇ. ಅದರ ಗುಣ ಏನೆಂದರೆ, ಆ ಮಗುವಿನದ್ದೇ ಆದ ನೋವಿನ ಚಿಹ್ನೆಗಳನ್ನು ಹೆತ್ತವರಿಂದ ಕೇಳಿ ಮೊದಲೇ ಸೇರಿಸಿಕೊಳ್ಳಬಹುದು. ಸೆಟೆತ ಇರುವ ಮಗುವಿನ ಕಾಲು ನೋವಿಲ್ಲದಾಗಲೂ ಬಿಗಿಯಾಗಿಯೇ ಇರುತ್ತದೆ. ಸಾಮಾನ್ಯ ಮಾಪಕದಲ್ಲಿ ಸುಮ್ಮನೆ ಎರಡಂಕ ಬಿದ್ದುಬಿಡುತ್ತದೆ.

ಒಬ್ಬ ಅಮ್ಮ ನನಗೆ ಹೇಳಿದ್ದು: "ಇವನಿಗೆ ಬೇನೆ ಆದ್ರೆ ಅಳುವುದಿಲ್ಲ ಸಿಸ್ಟರ್, ಎಡಕಿವಿ ದಿಂಬಿಗೆ ಉಜ್ಜುತ್ತಾನೆ." ಆ ಹುಡುಗನ ಫಾರ್ಮಿನಲ್ಲಿ ಚಟುವಟಿಕೆಯ ಕೆಳಗೆ "ಎಡಕಿವಿ ಉಜ್ಜುವುದು" ಎಂದೇ ಉಂಟು. ನಾನು ರಜೆಯಲ್ಲಿದ್ದಾಗ ಹೋದ ಬೇರೆ ನರ್ಸ್ ಅದನ್ನು ನೋಡಿಯೇ ಹಲ್ಲಿನ ಹುಳುಕು ಹಿಡಿದರು.

ಹೊದಿಕೆ ಸರಿಸಿ, ಕಾಲು ಕಾಣುವ ಹಾಗೆ ಮಾಡಿ, ಐದು ನಿಮಿಷ ಸುಮ್ಮನೆ ನೋಡಿ. ಫೋನಿನಲ್ಲಿ ಟೈಮರ್ ಇಡಿ. ಗಡಿಯಾರ ಇಲ್ಲದಿದ್ದರೆ ನಮ್ಮ ಐದು ನಿಮಿಷ ಒಂದೂವರೆಗೇ ಮುಗಿಯುತ್ತದೆ. ಮಲಗಿದಾಗ ಒಮ್ಮೆ, ಮಗ್ಗುಲು ಬದಲಿಸುವಾಗ ಅಥವಾ ಬಟ್ಟೆ ತೊಡಿಸುವಾಗ ಒಮ್ಮೆ. ಪೇನ್‌ಆ್ಯಡ್ ಕೂಡ ಹೀಗೆಯೇ, ಐದು ಅಂಶ, ಹತ್ತು ಅಂಕ: ಉಸಿರಾಟ, ನರಳಿಕೆ, ಮುಖಭಾವ, ದೇಹಭಾಷೆ, ಸಮಾಧಾನ. ಒಂದು ಎಚ್ಚರ: ನೋಡಿ ಕೊಟ್ಟ ಆರು, ಬಾಯಲ್ಲಿ ಹೇಳಿದ ಆರು ಒಂದೇ ಅಲ್ಲ. ಎರಡನ್ನೂ ಒಂದೇ ಕಾಲಂಗೆ ಹಾಕಬೇಡಿ.

ಅಮ್ಮಂದಿರು ಹಗಲಲ್ಲಿ ನಮಗೆ ಕಾಣದ್ದನ್ನು ಫೋನಿನಲ್ಲಿ ವಿಡಿಯೋ ಮಾಡಿಡುತ್ತಾರೆ. ಮೂವತ್ತು ಸೆಕೆಂಡ್ ಸಾಕು, ಬಹಳ ಉಪಯೋಗ. ಆದರೆ ಅದು ಅವರ ಫೋನಿನಲ್ಲೇ ಇರಲಿ, ನೋಡಿ ಅಂಕ ಬರೆದುಕೊಂಡು ಬನ್ನಿ. ಈ ಮಕ್ಕಳ ಚಿತ್ರ ಊರೆಲ್ಲ ತಿರುಗಿದ್ದು ಸಾಕು.

ಆರನೇ ಹೆಜ್ಜೆ: ಮತ್ತೆ ಕೇಳುವುದು

ಒಂದೇ ಸಲ ಬರೆದ ಅಂಕ ವ್ಯರ್ಥ. ಮಾರ್ಫಿನ್‌ನ ಸಾಮಾನ್ಯ ಮಾತ್ರೆ ನುಂಗಿದರೆ ಅರ್ಧ ಗಂಟೆಯ ಹೊತ್ತಿಗೆ ಹಿಡಿಯಲು ಶುರು, ಒಂದು ಗಂಟೆಯಲ್ಲಿ ಪೂರ್ಣ ಬಲ, ನಾಲ್ಕು ಗಂಟೆ ನಿಲ್ಲುತ್ತದೆ. ಹಾಗಾಗಿ ನುಂಗುವ ಮೊದಲು ಒಂದು ಅಂಕ, ಒಂದು ಗಂಟೆ ಬಿಟ್ಟು ಇನ್ನೊಂದು. ಆ ಒಂದು ಗಂಟೆ ಕೂರಲು ನಮಗೆ ಪುರುಸೊತ್ತಿಲ್ಲ. ಫೋನ್ ಮಾಡಿ ಕೇಳಿ. ಅಂಕಿಯನ್ನೋ ಆಣೆಯನ್ನೋ ಫೋನಿನಲ್ಲಿ ಕೇಳಬಹುದು, ಮುಖಗಳ ಚಿತ್ರ ಕೇಳಲಾಗದು. ಮನೆಯವರಿಗೆ ವಾಟ್ಸಾಪ್ ವಾಯ್ಸ್ ಸುಲಭ: "ಹತ್ತು ಗಂಟೆಗೆ ಎಂಟು, ಹನ್ನೊಂದಕ್ಕೆ ನಾಲ್ಕು" ಎಂದು ಕಳಿಸುತ್ತಾರೆ, ಸಂಜೆ ನಾನು ಫಾರ್ಮಿಗೆ ಏರಿಸುತ್ತೇನೆ. ಏರಿಸುವಾಗ ಭೇಟಿಯ ಸಮಯ ಬೇರೆ, ನೋವಿನ ಸಮಯ ಬೇರೆ ಎಂದು ಎರಡು ಕಾಲಂ ಇರಬೇಕು. ಇಲ್ಲದಿದ್ದರೆ ಎಲ್ಲರಿಗೂ ಸಂಜೆ ಏಳಕ್ಕೇ ನೋವು ಬಂದಂತೆ ದಾಖಲಾಗುತ್ತದೆ. ನನಗೆ ಒಂದು ತಿಂಗಳು ಹಾಗೆಯೇ ಆಯಿತು.

ಏಳನೇ ಹೆಜ್ಜೆ: ಗ್ರಾಫ್ ಓದುವುದು

ದತ್ತಾಂಶವನ್ನು ಎಕ್ಸೆಲ್‌ಗೆ ಇಳಿಸಿ, ಒಬ್ಬ ರೋಗಿಗೆ ಒಂದು ಗೆರೆಚಿತ್ರ ಮಾಡಿ. ಅಡ್ಡಕ್ಕೆ ಸಮಯ, ಉದ್ದಕ್ಕೆ ಅಂಕ. ಡೋಸ್ ಕೊಟ್ಟ ಕಡೆ ಒಂದು ಚುಕ್ಕೆ. ನೋಡಬೇಕಾದದ್ದು ಗೆರೆಯ ಆಕಾರ. ಪ್ರತಿ ಡೋಸಿನ ಮುಂಚಿನ ಗಂಟೆ ಗೆರೆ ಏರುತ್ತಿದ್ದರೆ ಮದ್ದು ಸಾಲುತ್ತಿಲ್ಲ ಅಥವಾ ಹೊತ್ತಿಗೆ ಸರಿಯಾಗಿ ತಿನ್ನುತ್ತಿಲ್ಲ. ಇಡೀ ದಿನ ಮೂರು ಇದ್ದು ಮೈ ತೊಳೆಸುವ ಹೊತ್ತಿಗೆ ಮಾತ್ರ ಎಂಟು ಹಾರಿದರೆ, ತೊಳೆಸುವ ಒಂದು ಗಂಟೆ ಮೊದಲು ಹೆಚ್ಚುವರಿ ಡೋಸ್ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಡೋಸ್ ಬದಲಿಸುವುದು ಅವರ ಕೆಲಸ. ಈ ಚಿತ್ರ ಅವರ ಕೈಗೆ ಕೊಡುವುದು ನಮ್ಮದು.

ಅಂಕ ಎಷ್ಟು ಇಳಿದರೆ ಇಳಿದಂತೆ? 2001ರಲ್ಲಿ ದೀರ್ಘಕಾಲದ ನೋವಿನ 2,700ಕ್ಕೂ ಹೆಚ್ಚು ರೋಗಿಗಳ ದಾಖಲೆ ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಸುಮಾರು ಎರಡು ಅಂಕ ಅಥವಾ ಶೇ. 30ರಷ್ಟು ಇಳಿದಾಗ ರೋಗಿಗಳು ತಾವಾಗಿಯೇ "ಚೆನ್ನಾಗಿ ಕಡಿಮೆಯಾಯಿತು" ಎಂದಿದ್ದರು. ಏಳು ಆರಾದರೆ ಸಂಭ್ರಮ ಬೇಡ, ಆರು ಏಳಾದರೆ ಗಾಬರಿಯೂ ಬೇಡ. ಇಬ್ಬರು ರೋಗಿಗಳ ಅಂಕ ಹೋಲಿಸಬೇಡಿ. ಪಂಚಾಯತಿನ ಸರಾಸರಿ ನೋವು ಎಷ್ಟು ಎಂದು ಮೀಟಿಂಗಿನಲ್ಲಿ ಕೇಳಿದವರಿದ್ದಾರೆ. ಅಂಥ ಸಂಖ್ಯೆಯಿಂದ ಯಾರಿಗೂ ಒಂದು ಮಾತ್ರೆಯೂ ಸಿಗದು.

ಗ್ರಾಫಿಗೆ ಕಾಯಬಾರದ ಸಂದರ್ಭಗಳೂ ಉಂಟು. ಕ್ಯಾನ್ಸರ್ ರೋಗಿಗೆ ಹೊಸದಾಗಿ ಬೆನ್ನುನೋವು ಬಂದು ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಅದುಮಿರಬಹುದು, ಅವತ್ತೇ ಆಸ್ಪತ್ರೆಗೆ. ಎದೆನೋವು, ಹೊಟ್ಟೆ ಕಲ್ಲಿನಂತಾದ ನೋವು, ಮಾರ್ಫಿನ್ ತಿನ್ನುವವರು ಕೂಗಿದರೂ ಏಳದಷ್ಟು ಮಂಪರಿನಲ್ಲಿದ್ದು ಉಸಿರು ನಿಧಾನವಾಗಿರುವುದು, ಇಲ್ಲೆಲ್ಲ ಮೊದಲು ವೈದ್ಯರಿಗೆ ಫೋನ್, ಫಾರ್ಮ್ ಆಮೇಲೆ.

ದತ್ತಾಂಶ ಯಾರ ಕೈಯಲ್ಲಿ

ರೋಗಿಯ ಹೆಸರು ಫಾರ್ಮಿಗೆ ಬೇಡ, ಸಂಖ್ಯೆ ಕೊಡಿ. ಸಂಖ್ಯೆ ಯಾರದ್ದೆಂಬ ಪಟ್ಟಿ ಬೇರೆ ಪುಸ್ತಕದಲ್ಲಿ, ಬೀಗದೊಳಗೆ. ಫೋನಿಗೆ ಪಿನ್ ಇರಲಿ. ನಮ್ಮ ಫೋನು ಮಕ್ಕಳ ಗೇಮಿಗೂ ಅದೇ ಆಗಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆಗೆ ದೊಡ್ಡ ಸ್ಥಾನ, 18 ತುಂಬದವರೆಲ್ಲ ಅದರ ಲೆಕ್ಕದಲ್ಲಿ ಮಕ್ಕಳು. ಕಾಯ್ದೆ ಇಲ್ಲದಿದ್ದರೂ, "ನಿಮ್ಮ ನೋವನ್ನು ಇದರಲ್ಲಿ ಬರೆದು ಡಾಕ್ಟರಿಗೆ ತೋರಿಸುತ್ತೇನೆ, ಆಗಬಹುದಾ?" ಎಂದು ಅವರ ಭಾಷೆಯಲ್ಲಿ ಕೇಳುವುದು ಮರ್ಯಾದೆ. ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಯಾರ ಅಂಕವೂ ಹೋಗಬಾರದು.

ಮಂಗಳೂರಿಗೆ ಹೋಗುವವರಿಗೆ ಕಳೆದ ಎರಡು ವಾರದ ಗ್ರಾಫನ್ನು ಒಂದು ಪುಟಕ್ಕೆ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ. ಅಲ್ಲಿನ ವೈದ್ಯರು ನಮ್ಮ ಕೋಬೋ ತೆರೆಯಲಿಕ್ಕಿಲ್ಲ, ಕಾಗದವಾದರೆ ಕಣ್ಣಿಗೆ ಬೀಳುತ್ತದೆ.

ಕರೆಂಟ್ ಇಲ್ಲದ ದಿನಕ್ಕೆ

ಜೂನಿನಿಂದ ಸೆಪ್ಟೆಂಬರಿನವರೆಗೆ ಮರ ಬಿದ್ದು ಲೈನ್ ಹೋದರೆ ಎರಡು ದಿನ ಫೋನ್ ಸತ್ತೇ ಇರುತ್ತದೆ. ಅದಕ್ಕೆ ಪ್ರತಿ ಮನೆಯಲ್ಲೂ ಗೋಡೆಗೆ ತೂಗಿದ ಕ್ಯಾಲೆಂಡರೇ ನನ್ನ ಎರಡನೇ ಫಾರ್ಮ್. ತಾರೀಕಿನ ಚೌಕದೊಳಗೆ ಮೂರು ಅಂಕಿ: ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಹೆಚ್ಚುವರಿ ಮಾತ್ರೆ ತಿಂದರೆ ಪಕ್ಕದಲ್ಲಿ ಒಂದು ಗುಣಾಕಾರ ಚಿಹ್ನೆ. ಮಲವಿಸರ್ಜನೆ ಆದ ದಿನ ಚೌಕದ ಮೂಲೆಯಲ್ಲಿ ಒಂದು ಚುಕ್ಕೆ. ಮುಂದಿನ ಭೇಟಿಯಲ್ಲಿ ಆ ಪುಟದ ಫೋಟೊ ತೆಗೆದುಕೊಂಡು ಮನೆಗೆ ಬಂದು ಏರಿಸಿದರಾಯಿತು. ಪೆನ್ನನ್ನು ಮಾತ್ರ ದಾರದಲ್ಲಿ ಕಟ್ಟಿ ಕ್ಯಾಲೆಂಡರಿನ ಮೊಳೆಗೇ ತೂಗುಹಾಕಿ ಬನ್ನಿ, ಇಲ್ಲದಿದ್ದರೆ ಮಾರನೇ ದಿನವೇ ಅದು ಮೊಮ್ಮಗನ ಕಂಪಾಸ್ ಪೆಟ್ಟಿಗೆ ಸೇರಿರುತ್ತದೆ.